ಕಾಮಣಿ ಗಿಡದ ಹೆಸರು

"ಯಾವ ಗಿಡ?" ಎಂದು ಡಾಕ್ಟರು ಕೇಳಿದರು.

ರಾಯಚೂರಿನ ಆಸ್ಪತ್ರೆಯ ಹಾಸಿಗೆಯ ಮೇಲೆ ನನ್ನ ತಂಗಿ ಮಲಗಿದ್ದಳು. ಕಣ್ಣು ಹಳದಿ, ಉಗುರು ಹಳದಿ, ಅಂಗೈ ಹಳದಿ. ಪಾದಗಳು ಬಾತು ಕಾಲ್ಗೆಜ್ಜೆಯ ಸರಪಳಿ ಚರ್ಮದೊಳಗೆ ಹೂತುಹೋಗಿತ್ತು. ಅವಳ ಅತ್ತೆ ಕಾಲ್ದೆಸೆಯಲ್ಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಪ್ರಶ್ನೆ ಬಿದ್ದದ್ದು ನಮ್ಮಿಬ್ಬರಿಗೂ. ಅತ್ತೆಗೆ ಉತ್ತರ ಗೊತ್ತಿತ್ತು, ಆದರೆ ಅವರು ಹೇಳುವಂತಿರಲಿಲ್ಲ. ನಾನು ಹೇಳಬಹುದಿತ್ತು, ಆದರೆ ನನಗೆ ಗೊತ್ತಿರಲಿಲ್ಲ. ಆ ಗಿಡ ಕೀಳುವಾಗ ಪಕ್ಕದಲ್ಲಿ ಚೀಲ ಹಿಡಿದುಕೊಂಡು ನಿಂತವಳು ಮಾತ್ರ ನಾನೇ.

"ಹಳದಿ ಹೂವಿನದು," ಎಂದೆ.

"ಹಳದಿ ಹೂವಿಂದು," ಡಾಕ್ಟರು ನನ್ನ ಮಾತನ್ನೇ ತಿರುಗಿ ಹೇಳಿದರು. "ಮೇಡಂ, ನಮ್ಮ ಜಿಲ್ಲಾದಾಗ ಹಳದಿ ಹೂವಿಗಿ ಏನ್ ಬರ ಅದ ಏನ್ರಿ? ಬಯಲು ತುಂಬ ಅವ ಅವ."

ಆಮೇಲೆ ಅವರು ತಮ್ಮ ಕಷ್ಟವನ್ನು ಬಿಡಿಸಿ ಹೇಳಿದರು. ಕಾಮಾಲೆಗೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಕಾಮಣಿಗೆಂದು ನಾಟಿ ಔಷಧಿ ಕುಡಿದು ಬಂದವರನ್ನು ಅವರು ಬಹಳ ನೋಡಿದ್ದರು. ಅವರಿಗೆ ಅನುಮಾನವಿದ್ದದ್ದು ದತ್ತೂರಿಯ ಮೇಲೆ. ಬಿಳಿ ಹೂವಿನದಲ್ಲ, ಹಳದಿ ಹೂವಿನ, ಎಲೆಗೆಲ್ಲ ಮುಳ್ಳಿರುವ, ಮುರಿದರೆ ಹಳದಿ ಹಾಲು ಒಸರುವ ದತ್ತೂರಿ.

"ಅದನ್ನ ಕೊಟ್ಟಿದ್ರ ಮೈಯಾಗ ನೀರು ನಿಲ್ಲತದ. ಎದಿಮ್ಯಾಲೆ ಭಾರ ಬೀಳತದ. ಹಂಗಿದ್ರ ನಾ ಈ ಸಲೈನ್ ಕಡಿಮಿ ಮಾಡಬೇಕು. ಅದಲ್ಲ ಅಂದ್ರ, ಈಕಿ ವಾಂತಿ ಮಾಡಿ ಮಾಡಿ ಒಣಗ್ಯಾಳ. ನೀರು ಜೋರು ಬಿಡಬೇಕು. ಒಂದಕ್ಕೊಂದು ಉಲ್ಟಾ. ಈಗ ನಡುವ ಇಟ್ಟೀನಿ. ಹಿಂಗ ನಡುವ ಬಾಳೊತ್ತು ಇಡಾಕ ಬರಲ್ಲ."

ಹನಿ ಬೀಳುವ ಕೊಳವೆಯ ಪುಟ್ಟ ಗಾಲಿಯ ಮೇಲೆ ಅವರ ಹೆಬ್ಬೆರಳು ಇತ್ತು. ಅದು ಮೇಲಕ್ಕೂ ಹೋಗಲಿಲ್ಲ, ಕೆಳಕ್ಕೂ ಹೋಗಲಿಲ್ಲ.

ನನಗೆ ನೆನಪಿರುವುದನ್ನು ಬರೆಯುತ್ತೇನೆ. ಬರೆಯುವಾಗಲೇ ಅದು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ, ಹಾಗಾಗಿ ಪೂರ್ತಿ ನಂಬಬೇಡಿ. ಆ ದಿನ ಆಸ್ಪತ್ರೆಯಲ್ಲಿ ನಾನೂ ನಂಬಿರಲಿಲ್ಲ.

ತಂಗಿಯನ್ನು ದೇವದುರ್ಗಕ್ಕೆ ಕೊಟ್ಟಿದೆ. ಗಂಡ ಹತ್ತಿಯ ಬೇಲುಗಳ ಲಾರಿ ಓಡಿಸುತ್ತಾನೆ. ಆ ತಿಂಗಳು ಹತ್ತಿಯ ಸುಗ್ಗಿ, ಅವನು ತಮಿಳುನಾಡಿನ ಕಡೆ ಹೋದವನು ಅಲ್ಲಿಂದಲೇ ಇನ್ನೊಂದು ಲೋಡು ಹಿಡಿದಿದ್ದ. ಮನೆಯಲ್ಲಿ ಅತ್ತೆ ಸೊಸೆ ಇಬ್ಬರೇ. ತಂಗಿಗೆ ಕಾಮಣಿ ಎಂದು ಗೊತ್ತಾದ ವಾರ ನಾನು ರಾಯಚೂರಿನಿಂದ ಬಸ್ಸು ಹಿಡಿದು ನೋಡಲು ಹೋಗಿದ್ದೆ. ದವಾಖಾನೆಯ ಗುಳಿಗೆಗಳು ಗೂಡಿನಲ್ಲಿದ್ದವು, ಅವನ್ನೂ ನುಂಗುತ್ತಿದ್ದಳು. ಸೊಸೆಗೆ ಎಣ್ಣೆ ಖಾರ ಬಿಡಿಸಿದ ಅತ್ತೆ ತಾವೂ ಬಿಟ್ಟಿದ್ದರು. "ಮುಂದ ಕುಂತು ನಾ ಒಗ್ಗರಣಿ ಉಂಡ್ರ ಈ ಹುಡುಗಿಗಿ ಗಂಜಿ ಇಳೀತದೇನು?" ಎಂದರು. ಒಗ್ಗರಣೆಯ ಸಪ್ಪಳ ಕೇಳಿದರೂ ಆಸೆಯಾದೀತೆಂದು ಒಲೆಯ ಮೇಲೆ ಬಾಣಲೆಯನ್ನೇ ಇಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ನನ್ನನ್ನು ಕರೆದರು. "ಕಾಮಣಿ ಗಿಡ ತರೂನ್ ನಡಿ ಯವ್ವಾ. ಒಬ್ಬಾಕಿ ಕೀಳಬೇಕು, ಒಬ್ಬಾಕಿ ಚೀಲ ಹಿಡೀಬೇಕು."

ಹೊಸ್ತಿಲು ದಾಟುವ ಮೊದಲೇ ಕಟ್ಟಳೆಗಳನ್ನು ಹೇಳಿ ಮುಗಿಸಿದರು. ದಾಟಿದ ಮೇಲೆ ತಿರುಗಿ ಬರುವವರೆಗೆ ಮಾತಿಲ್ಲ. ಗಿಡ ಊರ ಸೀಮೆಯ ಆಚೆಯದಿರಬೇಕು. ಕೀಳುವಾಗ ಗಿಡದ ಮೇಲೆ ನಮ್ಮ ನೆರಳು ಬೀಳಬಾರದು. ಎಲ್ಲಕ್ಕಿಂತ ದೊಡ್ಡದು, ತಂಗಿಯ ಕಣ್ಣು ಬೆಳ್ಳಗಾಗುವವರೆಗೆ ಆ ಗಿಡದ ಖರೆ ಹೆಸರನ್ನು ಬಾಯಿಂದ ತೆಗೆಯಬಾರದು, ಬೆರಳು ಮಾಡಿ ತೋರಿಸಲೂಬಾರದು. ಕಾಮಣಿ ಗಿಡ ಎನ್ನಬಹುದು. ಅದು ಹೆಸರಲ್ಲ, ಕೆಲಸ.

ನಡೆದೆವು. ಎರೆಹೊಲಗಳು ಮುಗಿದು ಗಾಯರಾಣ ಶುರುವಾಯಿತು. ಊರ ದನಕರು ಮೇಯುವ ಬಯಲಿಗೆ ಅಲ್ಲಿ ಹಾಗೆನ್ನುತ್ತಾರೆ. ಹುಲ್ಲು ಒಣಗಿ ಬಂಗಾರದ ಬಣ್ಣಕ್ಕೆ ತಿರುಗಿತ್ತು. ನಡುನಡುವೆ ಹಳದಿ ಹೂಗಳು.

ಇಲ್ಲಿಂದ ಮುಂದೆ ನನ್ನ ಹತ್ತಿರ ಒಂದಕ್ಕಿಂತ ಹೆಚ್ಚು ನೆನಪುಗಳಿವೆ.

ಒಂದರಲ್ಲಿ ಅತ್ತೆ ನಿಂತೇ ಕೀಳುತ್ತಾರೆ. ಎದೆಮಟ್ಟದ ಗಿಡ, ಹುಣಸೆ ಎಲೆಯಂಥ ಎಲೆ, ಗೊಂಚಲು ಗೊಂಚಲು ಹೂ. ಹಾಗಿದ್ದರೆ ಅದು ತಂಗಡಿ. ತಂಗಡಿಯಿಂದ ಯಾರಿಗೂ ಕೆಡುಕಾದದ್ದನ್ನು ನಾನು ಕೇಳಿಲ್ಲ.

ಇನ್ನೊಂದರಲ್ಲಿ ಅವರು ಬಗ್ಗಿದ್ದಾರೆ. ಬೆನ್ನು ಮಾತ್ರ ಕಾಣುತ್ತದೆ. ಕೈ ಎಲ್ಲಿದೆಯೋ ಕಾಣುವುದಿಲ್ಲ.

ಎರಡೂ ನಿಜವಿರಬಹುದು, ಎರಡೂ ಆಸ್ಪತ್ರೆಯಲ್ಲಿ ನಿಂತು ನಾನು ಹೊಲಿದುಕೊಂಡದ್ದಿರಬಹುದು. ನನ್ನ ಕಣ್ಣಿದ್ದದ್ದು ನನ್ನ ನೆರಳಿನ ಮೇಲೆ. ಅದು ಎಲ್ಲಿ ಗಿಡಕ್ಕೆ ತಾಗೀತೋ ಎಂದು ಹೆದರಿ ಅದನ್ನೇ ನೋಡುತ್ತಿದ್ದೆ. ಚೀಲದ ಹಿಡಿಕೆ ನೆರಳಿನಲ್ಲಿ ಹೇಗೆ ಬಿದ್ದಿತ್ತು, ನನ್ನ ಜಡೆ ಯಾವ ಕಲ್ಲಿನ ಮೇಲೆ ಹರಿದು ಮುರಿದಿತ್ತು ಎಂದು ಇವತ್ತೂ ಬಿಡಿಸಿ ತೋರಿಸಬಲ್ಲೆ. ಗಿಡ ಮಾತ್ರ ಇಲ್ಲ.

ತುಂಬಿದ ಚೀಲದ ಬಾಯಿಯನ್ನು ಅತ್ತೆಯೇ ಕಟ್ಟಿದರು, ನಾನು ಅವತ್ತೇ ರಾಯಚೂರಿಗೆ ಮರಳಿದೆ, ಕೆಲವು ದಿನಗಳ ಮೇಲೆ ಅತ್ತೆ ತಂಗಿಯನ್ನು ಅಲ್ಲಿನ ಆಸ್ಪತ್ರೆಗೆ ಕರೆತಂದರು. ಫೋಟೊ ಒಂದಿತ್ತು. ನೆರಳಿಗೆ ಕಟ್ಟಳೆಯಿತ್ತು, ಫೋನಿಗೆ ಯಾರೂ ಕಟ್ಟಳೆ ಮಾಡಿರಲಿಲ್ಲ. ಡಾಕ್ಟರ ಮುಂದೆ ಅದನ್ನು ತೆಗೆದು ಹಿಗ್ಗಿಸಿದೆ. ಆಕಾಶ, ಹುಲ್ಲು, ಅತ್ತೆಯ ಬೆನ್ನು. ಅದರಾಚೆ ಹಳದಿ ಚುಕ್ಕೆಗಳು. ಇನ್ನೂ ಹಿಗ್ಗಿಸಿದೆ. ಚುಕ್ಕೆಗಳು ಚೌಕಗಳಾದವು. ಚೌಕಕ್ಕೆ ಮುಳ್ಳಿದೆಯೋ ಇಲ್ಲವೋ ಹೇಗೆ ನೋಡುವುದು?

"ಯಾರನ್ನೋ ಊರಿಗಿ ಕಳಸುವಾಗ ತಕ್ಕೊಂಡಂಗ ಅದ ಫೋಟೊ," ಎಂದಳು ಡಾಕ್ಟರ ಪಕ್ಕದಲ್ಲಿದ್ದ ನರ್ಸು. "ಬರೇ ಬೆನ್ನು ತೋರಸ್ಯಾರ."

ಡಾಕ್ಟರು ಅತ್ತೆಯ ಕಡೆ ತಿರುಗಿದರು. "ಯವ್ವಾ, ನೀವರ ಹೇಳ್ರಿ. ನಾ ಬೈಯಲ್ಲ."

ಅತ್ತೆ ಸೆರಗಿನೊಳಗಿಂದಲೇ ತಲೆ ಅಲ್ಲಾಡಿಸಿದರು. ಡಾಕ್ಟರು ಬೇರೆ ರೋಗಿಯ ಕಡೆ ಹೋದರು. ಹೋಗುತ್ತಾ ನನಗೆ, "ಜಲ್ದಿ ಗೊತ್ತಾದ್ರ ಚಲೊ," ಎಂದರು. ಅಷ್ಟು ಮೆಲ್ಲಗೆ ಹೇಳಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು.

ಕಾರಿಡಾರಿನ ಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿದೆ.

"ಯವ್ವಾ, ಅದಕ್ಕ ಮುಳ್ಳಿತ್ತೇನ್ರಿ?"

ಅವರು ಬೆಂಚಿನ ತುದಿಗೆ ಸರಿದು ಕೂತರು.

"ಮುರದ್ರ ಹಾಲು ಬಂತೇನ್ರಿ? ಹಳದಿ ಹಾಲು?"

"ಹಂಗೆಲ್ಲ ಸುತ್ತ ತಿರಗಿ ಕೇಳಬ್ಯಾಡ," ಎಂದರು. "ಗುರುತು ಹೇಳೂದೂ ಒಂದ, ಹೆಸರು ಹೇಳೂದೂ ಒಂದ."

ಫೋನಿನಲ್ಲಿ ದತ್ತೂರಿಯ ಚಿತ್ರ ಹುಡುಕಿ ಅವರ ಮುಂದೆ ಹಿಡಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ತಂಗಡಿಯ ಚಿತ್ರ ಹಿಡಿದೆ. ಮುಖ ಗೋಡೆಯ ಕಡೆಯೇ ಇತ್ತು. ಯಾವ ಚಿತ್ರಕ್ಕೆ ಅವರ ಕುತ್ತಿಗೆಯ ನರ ಹೆಚ್ಚು ಬಿಗಿಯಿತು ಎಂದು ನೋಡುತ್ತಿದ್ದೆ. ಎರಡಕ್ಕೂ ಬಿಗಿದಂತೆ ಕಂಡಿತು.

"ಆಕಿ ಉಳೀಬೇಕೋ ಬ್ಯಾಡೋ?" ಎಂದುಬಿಟ್ಟೆ.

ಆಗ ಅವರು ತಿರುಗಿದರು. ಕಣ್ಣಲ್ಲಿ ನೀರಿರಲಿಲ್ಲ. "ಉಳೀಬೇಕಂತನ ಬಾಯಿ ಕಟಗೊಂಡು ಕುಂತೀನಿ. ನಿನಗೇನ್ ಗೊತ್ತು? ನಮ್ಮ ತಮ್ಮಗ ಕಾಮಣಿ ಆಗಿತ್ತು. ನಮ್ಮವ್ವ ಇದನ್ನ ಅರದು ಹಾಕಿದ್ಳು. ಬಾವಿಕಟ್ಟಿಮ್ಯಾಲೆ ಒಬ್ಬಾಕಿ ಏನ್ ಕೊಟ್ಟಿಬೇ ಅಂತ ಕೇಳಿದ್ಳು. ನಮ್ಮವ್ವ ಭೋಳೇದಾಕಿ, ಮನಸಿನಾಗ ಏನಿಲ್ಲ, ಹೇಳಿಬಿಟ್ಳು. ಸಂಜಿಕ ತಮ್ಮ ಇಲ್ಲ. ಸಾಯೂತನ ನಮ್ಮವ್ವ ತನ್ನ ಬಾಯಿ ತಾನ ಬಡಕೊಂಡ್ಳು."

ಈಗ ಬರೆಯುವಾಗ ಅದಕ್ಕೆ ಉತ್ತರಗಳು ಸಾಲಾಗಿ ಬರುತ್ತವೆ.

ಆಗ ನನಗೆ ಉಳಿದದ್ದು ಅವರೇ ಆಡಿದ್ದ ಆ ಒಂದು ಮಾತು, ಕಾಮಣಿ ಗಿಡ. ಮಾನ್ವಿಯಲ್ಲಿ ನನ್ನ ಸಣ್ಣವ್ವ ಇದ್ದಾಳೆ. ಫೋನು ಮಾಡಿದೆ.

"ಕಾಮಣಿ ಗಿಡ ಅಂದ್ರ ತಂಗಡಿ," ಎಂದಳು ತಟ್ಟನೆ. "ಹೂವು ಬತ್ತಿಸಿ ಕುಡಸ್ತಾರ. ಮತ್ಯಾವ್ದು ಅದ?"

ಉಸಿರು ಬಿಟ್ಟೆ. ಎದ್ದು ಡಾಕ್ಟರ ಕೋಣೆಯ ಕಡೆ ನಾಲ್ಕು ಹೆಜ್ಜೆ ಹಾಕಿದೆ. ಜೋರು ಬಿಡ್ರಿ ಎನ್ನಬೇಕು, ಅಷ್ಟೇ. ಬಾಗಿಲ ಹತ್ತಿರ ಯಾಕೋ ನಿಂತೆ. ಖಾತ್ರಿಗಿರಲಿ ಎಂದು ದೇವದುರ್ಗದಲ್ಲಿ ತಂಗಿಯ ಪಕ್ಕದ ಮನೆಯಾಕೆಗೂ ಫೋನು ಮಾಡಿದೆ.

"ಕಾಮಣಿ ಗಿಡ ಗೊತ್ತಿಲ್ಲೇನ್ರಿ ಅಕ್ಕಾರ? ದತ್ತೂರಿ. ಮುಳ್ಳಿಂದು. ಹಳದಿ ಹಾಲು ಬರತದಲ್ಲ, ಹಳದಿ ಹಳದೀನ ತಗೀತದ."

ಡಾಕ್ಟರ ಕೋಣೆಯ ಬಾಗಿಲಿನ ಚಿಲಕದ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ.

ಒಂದೇ ಮಾತು. ಮಾನ್ವಿಯಲ್ಲಿ ಅದೊಂದು ಗಿಡ, ದೇವದುರ್ಗದಲ್ಲಿ ಇನ್ನೊಂದು. ನಡುವೆ ಇರುವುದು ಬಸ್ಸಿನ ದಾರಿ. ತಂಗಿಯ ಅತ್ತೆ ಮಾನ್ವಿ ತಾಲ್ಲೂಕಿನ ಮಗಳು, ದೇವದುರ್ಗದ ಸೊಸೆ. ತವರಲ್ಲಿ ಕಲಿತ ಹೆಸರನ್ನು ಹಿಡಿದು ಬಯಲಿಗೆ ಹೋಗಿದ್ದರೋ, ಗಂಡನ ಮನೆಯಲ್ಲಿ ಕಲಿತದ್ದನ್ನೋ? ಒಬ್ಬ ಹೆಣ್ಣುಮಗಳ ಬಾಯಲ್ಲಿ ಯಾವ ಊರು ಮೇಲೆ, ಯಾವ ಊರು ಕೆಳಗೆ ಎಂದು ಯಾರನ್ನು ಕೇಳಲಿ? ತಮ್ಮನಿಗೆ ಕೊಟ್ಟದ್ದು ತವರಿನಲ್ಲಿ, ಹಾಗಾದರೆ ತಂಗಡಿ. ಆದರೆ ಆ ತಮ್ಮ ಉಳಿಯಲಿಲ್ಲ, ಹಾಗಾದರೆ ಅದನ್ನು ನಂಬುತ್ತಾರೆಯೇ? ಅವರ ಪ್ರಕಾರ ಕೆಟ್ಟದ್ದು ಗಿಡವಲ್ಲ, ಬಾಯಿ. ಹೀಗೆ ಎಷ್ಟು ಸುತ್ತು ಹಾಕಿದರೂ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ.

ಒಳಗೆ ತಂಗಿಗೆ ಇನ್ನೊಮ್ಮೆ ವಾಂತಿಯಾಯಿತು. ನರ್ಸು ಬಂದು ದಿಂಬಿನ ಹತ್ತಿರ ಬಕೆಟ್ಟು ಇಟ್ಟು ಹೋದಳು. ಕರೆದರೆ ತಂಗಿ ಕಣ್ಣು ತೆರೆಯುತ್ತಿದ್ದಳು, ಆದರೆ ಯಾರ ಮೇಲೂ ಇಡದೆ ಮತ್ತೆ ಮುಚ್ಚುತ್ತಿದ್ದಳು. ಮಲಗಿದರೆ ಉಸಿರು ಸಾಲದೆಂದು ಬೆನ್ನಿಗೆ ಎತ್ತರ ಕೊಟ್ಟಿದ್ದರು.

ಅತ್ತೆ ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡಿದರು. ನನ್ನ ಮೊಣಕೈ ಹಿಡಿದು ಹೊರಗೆ ಎಳೆದುಕೊಂಡು ಬಂದರು.

"ಹಾಕಿದ್ದೆಲ್ಲ ಕಾರಿಕೊಂಡ್ಳು. ಒಳಗ ನಿಂತಿಲ್ಲ. ತಂದಿದ್ದೂ ತೀರ್ಯದ. ಇನ್ನೊಂದ್ಸಲ ತರಬೇಕು. ಚೀಲ ಹಿಡದಾಕಿ ನೀನ, ನೀನ ಬರಬೇಕು."

ಮೊದಲು ಕೂಗಬೇಕೆನಿಸಿತು. ಆಮೇಲೆ ಹೊಳೆಯಿತು. ಅವರು ಹೇಳುವುದಿಲ್ಲ, ತೋರಿಸುವುದಿಲ್ಲ. ಆದರೆ ಕೀಳುತ್ತಾರೆ. ಕಿತ್ತದ್ದು ನನ್ನ ಚೀಲಕ್ಕೆ ಬೀಳುತ್ತದೆ. ಅದನ್ನು ಡಾಕ್ಟರ ಮೇಜಿನ ಮೇಲೆ ಸುರಿದರೆ ಮುಗಿಯಿತು. ಮತ್ತೆ ಅರೆದು ಕುಡಿಸಲು ನಾನು ಬಿಡುವುದಿಲ್ಲ. ಇಷ್ಟನ್ನು ಲೆಕ್ಕ ಹಾಕಿ, "ನಡ್ರಿ," ಎಂದೆ. ತಂಗಿಯ ಬಳಿ ಇರಲು ನರ್ಸಿಗೆ ಹೇಳಿದೆ. "ಎಲ್ಲಿಗಿ ಹೊಂಟೀರಿ ಈಗ?" ಎಂದಳು. ಚಹಾ ಕುಡಿಯಲು ಎಂದೆ.

ಆಸ್ಪತ್ರೆಯ ಮೆಟ್ಟಿಲೇ ಹೊಸ್ತಿಲಾಯಿತು. ಇಳಿಯುವ ಮೊದಲು ಅತ್ತೆ ಮೇಲೆ ನೋಡಿ ಏನೋ ಗೊಣಗಿ ಬಾಯಿ ಮುಚ್ಚಿದರು.

ಗೇಟಿನ ಮುಂದೆ ಆಟೊ ನಿಂತಿತ್ತು. ಹತ್ತಿದೆವು.

"ಎಲ್ಲಿಗಿ ಅಮ್ಮಾ? ಬಸ್‌ಸ್ಟ್ಯಾಂಡ? ಸ್ಟೇಷನ್? ಗಂಜ್?"

ಅತ್ತೆ ಕೈ ಮುಂದೆ ಚಾಚಿದರು. ಆಟೊ ಹೊರಟಿತು. ಸರ್ಕಲ್ಲಿನಲ್ಲಿ ನಾನು ಮಾನ್ವಿ ರಸ್ತೆಯ ಕಡೆ ಕೈ ಮಾಡಿದೆ.

"ಯಾ ಅಲ್ಲಾ," ಎಂದ ಆಟೊದವ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡುತ್ತ. "ಇಬ್ಬರಿಗೂ ಮಾತಿಲ್ಲೇನು?" ಸ್ವಲ್ಪ ದೂರ ಹೋದ ಮೇಲೆ ಅವನಿಗೇ ಉತ್ತರ ಸಿಕ್ಕಿತು. "ಸಮಝ್ ಗಯಾ. ಅತ್ತಿ ಸೊಸಿ ಮಾತು ಬಿಟ್ಟೀರಿ. ಹೌದಲ್ರಿ? ನಮ್ಮ ಮನ್ಯಾಗೂ ಹಿಂಗ ನೋಡ್ರಿ. ನಮ್ಮ ಅಮ್ಮಿ ಒಂದು ಚಾ ಮಾಡ್ತಾಳ, ನಮ್ಮ ಬೀವಿ ಒಂದು ಚಾ ಮಾಡ್ತಾಳ. ಯಾವ್ದು ಬಿಟ್ರೂ ಜಗಳ. ಎರಡೂ ಕುಡದು ಕುಡದು ನನ್ನ ಹೊಟ್ಟಿ ಉರದು ಹೋಗ್ಯದ."

ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಅತ್ತೆಯ ಮುಖ ನೋಡಿದೆ. ಅವರು ಕಣ್ಣು ಮುಚ್ಚಿದ್ದರು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು ಆಟೊದೊಳಗೆ ಬರುತ್ತಿತ್ತು. ಹತ್ತಿ ಜಿನ್ನಿಂಗಿನ ಕಡೆಯಿಂದ ಹಾರಿದ ಅರಳೆ ರಸ್ತೆ ಬದಿಯ ಜಾಲಿಗೆ ಸಿಕ್ಕಿಕೊಂಡಿತ್ತು. ಪ್ರತಿ ಲಾರಿ ಎದುರು ಬಂದಾಗಲೂ, ಅಲ್ಲಿ ಆ ಪುಟ್ಟ ಗಾಲಿ ನಡುವೆಯೇ ನಿಂತಿದೆ, ಅದು ಸರಿಯೋ ತಪ್ಪೋ ಗೊತ್ತಿಲ್ಲದೆ ಹನಿ ಬೀಳುತ್ತಿದೆ ಎಂದು ನೆನಪಾಗುತ್ತಿತ್ತು.

ಗಿರಣಿಗಳು ಮುಗಿದಲ್ಲಿ ಅತ್ತೆ ಆಟೊದವನ ಭುಜ ತಟ್ಟಿದರು.

"ಇಲ್ಲಿ ಏನದ ಅಮ್ಮಾ, ಬರೇ ಬಯಲು," ಎಂದ. ನಿಲ್ಲು ಎಂದು ಕೈ ಮಾಡಿ ಇಳಿದೆವು.

ಬಯಲು ದೇವದುರ್ಗದ ಗಾಯರಾಣದಂತೆಯೇ ಇತ್ತು. ಅದೇ ಒಣಹುಲ್ಲು, ಅದೇ ಹಳದಿ. ಈ ಸಲ ನನ್ನ ನೆರಳನ್ನು ನೋಡಲಿಲ್ಲ. ಸೂರ್ಯನಿಗೆ ಎದುರಾಗಿ ನಿಂತು, ನೆರಳನ್ನು ಬೆನ್ನಿಗೆ ಬಿಟ್ಟು, ಅವರ ಕೈಯನ್ನೇ ನೋಡಿದೆ. ಬಳೆಗಳು, ಹಚ್ಚೆ, ಹೆಬ್ಬೆರಳಿನ ಸೀಳು. ಆ ಕೈ ಎಲ್ಲಿ ಇಳಿಯುತ್ತದೆ?

ಅವರು ಒಂದು ತಂಗಡಿ ಗಿಡದ ಮುಂದೆ ನಿಂತರು. ಹೂ ತುಂಬಿ ನಿಂತಿತ್ತು. ಗಿಡವನ್ನು ಒಂದು ಸುತ್ತು ಬಂದು, ನೆರಳು ಆಚೆ ಬೀಳುವಂತೆ ನಿಂತು, ಕೈ ಮುಗಿದು, ಗೊಂಚಲನ್ನು ಚಿವುಟಿದರು. ನನ್ನ ಚೀಲಕ್ಕೆ ಹಾಕಿದರು. ಇನ್ನೊಂದು ಗೊಂಚಲು. ಇನ್ನೊಂದು.

ತಂಗಡಿ. ತವರಿನ ಹೆಸರು. ಎಂಥ ಖುಷಿಯೆಂದರೆ ಬಾಯಿ ತೆರೆದೇಬಿಟ್ಟಿದ್ದೆ, ಸದ್ದು ಬರುವ ಮೊದಲು ಹಲ್ಲು ಕಚ್ಚಿದೆ. ಓಡಿ ಹೋಗಿ ಜೋರು ಬಿಡ್ರಿ ಎನ್ನಬೇಕು. ಆಟೊದ ಕಡೆ ತಿರುಗಿಯೂ ಆಗಿತ್ತು.

ಅತ್ತೆ ಮಾತ್ರ ತಿರುಗಲಿಲ್ಲ. ಮುಂದೆ ನಡೆದರು.

ಕಲ್ಲು ಕಿತ್ತು ಬಿಟ್ಟ ತಗ್ಗಿನ ಅಂಚಿನಲ್ಲಿ ನೀಲಿ ಮಿಶ್ರಿತ ಬೂದು ಎಲೆಗಳ ಗಿಡಗಳು ನಿಂತಿದ್ದವು. ಎಲೆಯ ಮೇಲೆ ಬಿಳಿ ನರ, ಅಂಚಿಗೆಲ್ಲ ಮುಳ್ಳು, ತುದಿಯಲ್ಲಿ ತೆಳ್ಳನೆಯ ಹಳದಿ ಹೂ. ಅತ್ತೆ ಸುತ್ತು ಬಂದರು. ಕೈ ಮುಗಿದರು. ಸೆರಗನ್ನು ಬೆರಳಿಗೆ ಸುತ್ತಿಕೊಂಡು ಬಗ್ಗಿದರು. ಟೊಂಗೆ ಮುರಿದ ಸಪ್ಪಳ ನನಗೆ ಕೇಳಿತು.

ಎರಡೂ. ಇಂಥದ್ದೊಂದು ನನ್ನ ಯಾವ ಲೆಕ್ಕದಲ್ಲೂ ಇರಲಿಲ್ಲ.

ಮುರಿದ ತುದಿಯಿಂದ ಹಾಲು ಒಸರಿತು. ಅರಿಶಿಣ ಕಲಸಿದಂಥ ಹಾಲು. ಅದು ಅವರ ಸೆರಗು ತೋಯಿಸಿ ಬೆರಳ ಸಂದಿಗೆ ಇಳಿಯಿತು. ಅವರು ಟೊಂಗೆಯನ್ನು ನನ್ನ ಕಡೆ ಚಾಚಿದರು. ನಾನು ಚೀಲ ಒಡ್ಡಲಿಲ್ಲ. ಒಡ್ಡಬಾರದೆಂದು ಯೋಚಿಸಿ ಅಲ್ಲ, ಕೈ ಏಳಲಿಲ್ಲ.

ಅವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಬೆರಳು ನೋಡಿಕೊಂಡರು. ಮತ್ತೆ ನನ್ನ ಮುಖ. ಆಟೊದವ ದೂರದಲ್ಲಿ ಏನೋ ಹಾಡಿಕೊಳ್ಳುತ್ತಿದ್ದ.

"ನೀ ಕೇಳಾಕತ್ತಿದ್ದು ಇದ ಏನು?"

ಅವರು ಮಾತಾಡಿದ್ದರು. ಗಿಡ ಕೈಯಲ್ಲಿರುವಾಗಲೇ, ನನ್ನ ಮುಖಕ್ಕೆ ನೇರವಾಗಿ. ನಾನು ಹೌದೆಂಬಂತೆ ತಲೆಯಾಡಿಸಿದೆ. ನನ್ನ ಬಾಯಿಂದ ಇನ್ನೂ ಶಬ್ದ ಬಂದಿರಲಿಲ್ಲ.

"ಆ ಡಾಕ್ಟರು ಕೇಳಿದ್ದೂ ಇದ?"

ಮತ್ತೆ ತಲೆಯಾಡಿಸಿದೆ.

"ಇದರಿಂದ ಕಾಲು ಬಾಯತಾವೇನು?"

"ಬಾಯಬಹುದಂತ್ರಿ," ಎಂದೆ.

ಅವರು ಕಲ್ಲಿನ ಮೇಲೆ ಕುಸಿದು ಕೂತರು. ಟೊಂಗೆ ಕೈಯಲ್ಲೇ ಇತ್ತು. "ತವರಮನಿದೂ ಹಾಕೀನಿ, ಗಂಡನ ಮನಿದೂ ಹಾಕೀನಿ," ಎಂದರು. "ಯಾವ್ದು ಖರೆ ಕಾಮಣಿ ಗಿಡ ಅಂತ ಯಾರನ್ನ ಕೇಳ್ಬೇಕಿತ್ತು? ಕೇಳೂಹಂಗಿಲ್ಲ. ಎರಡರಾಗ ಒಂದು ಹಿಡೀತದ ಅಂತ ಎರಡೂ ಹಾಕಿದೆ. ದತ್ತೂರಿ ಇದು. ಅದು ತಂಗಡಿ. ತಗೋ, ಹೇಳೀನಿ. ದತ್ತೂರಿ. ದತ್ತೂರಿ."

ಕೊನೆಯ ಮಾತನ್ನು ಅವರು ನನಗೆ ಹೇಳಿದಂತಿರಲಿಲ್ಲ. ಬಯಲಿಗೆ ಹೇಳಿದರು.

ನಾನು ಅವರನ್ನು ಎಬ್ಬಿಸಬೇಕಾಗಲಿಲ್ಲ. ನನಗಿಂತ ಮುಂದೆ ಆಟೊದ ಕಡೆ ಓಡಿದರು.

"ಅರೆ, ಮಾತು ಬಂತಲ್ರಿ!" ಎಂದ ಆಟೊದವ.

"ಜಲ್ದಿ ಹೊಡಿಯೋ ಯಪ್ಪಾ. ದವಾಖಾನಿಗಿ. ನಿನ್ನ ಕಾಲ ಬೀಳ್ತೀನಿ, ಜಲ್ದಿ."

ಅವನು ಕನ್ನಡಿಯಲ್ಲಿ ಅವರ ಮುಖ ನೋಡಿ ಬಾಯಿ ಮುಚ್ಚಿದ. ಊರು ಮುಟ್ಟುವವರೆಗೆ ಹಾರ್ನ್ ಮೇಲಿನ ಕೈ ತೆಗೆಯಲಿಲ್ಲ.

ಡಾಕ್ಟರು ತಂಗಿಯ ಹತ್ತಿರವೇ ಇದ್ದರು. ನಾನು ಚೀಲ ಬಿಚ್ಚುವ ಮೊದಲೇ ಅತ್ತೆ ವಾರ್ಡಿನ ನಡುವೆ ನಿಂತು ಹೇಳಿದರು. ಎಲ್ಲ ಹಾಸಿಗೆಗಳಿಗೂ ಕೇಳುವಷ್ಟು ಜೋರಾಗಿ.

"ದತ್ತೂರಿ ಹಾಕೀನ್ರಿ ಸಾಹೇಬ್ರ. ತಂಗಡಿನೂ ಹಾಕೀನಿ, ದತ್ತೂರಿನೂ ಹಾಕೀನಿ."

"ಎಲಿ ಅಷ್ಟ ಏನು, ಕಾಯಿನೂ ಏನು?"

"ಕಾಯಿನೂ ಒಡದು ಹಾಕೀನ್ರಿ. ಒಳಗ ಸಾಸಿವಿಗತೆ ಬೀಜ ಇದ್ದು, ಅವನ್ನೂ ಅರದೀನಿ."

"ಎಷ್ಟು?"

ಅವರು ಅಂಗೈ ಒಡ್ಡಿ ಬೆರಳು ಮಡಚಿ ತೋರಿಸಿದರು. "ಮುಂಜಾನಿಗೊಮ್ಮಿ, ಮಜ್ಜಿಗ್ಯಾಗ."

ಡಾಕ್ಟರ ಹೆಬ್ಬೆರಳು ಗಾಲಿಯನ್ನು ಕೆಳಕ್ಕೆ ತಿರುಗಿಸಿತು. ಹನಿಗಳು ದೂರ ದೂರವಾದವು. ನರ್ಸಿಗೆ ಏನೋ ಇಂಜೆಕ್ಷನ್ ಹೇಳಿದರು, ಮೈಯ ನೀರು ಹೊರಗೆ ಹೋಗಲು. ಎದೆಗೆ ತಂತಿಗಳನ್ನು ಅಂಟಿಸಿದರು. ನಮ್ಮನ್ನು ಹೊರಗೆ ಕಳಿಸಿದರು.

ಆ ಮಧ್ಯಾಹ್ನ ತಂಗಿಯ ಗಂಡ ಸುದ್ದಿ ತಿಳಿದು ದಾರಿಯ ಯಾವುದೋ ಡಾಬಾದಿಂದ ಫೋನು ಮಾಡಿದ. 'ಅಕ್ಕಾ, ನಮ್ಮವ್ವಗ ಏನೂ ಅನಬ್ಯಾಡ್ರಿ' ಎಂದಷ್ಟೇ ಹೇಳಿ ಅತ್ತ. ನಾನು ಏನೂ ಅಂದಿರಲಿಲ್ಲ. ಅನ್ನಬೇಕಾದದ್ದನ್ನೆಲ್ಲ ಅತ್ತೆಯೇ ತಮಗೆ ತಾವು ಅಂದುಕೊಳ್ಳುತ್ತಿದ್ದರು. ಬೆಂಚಿನ ಮೇಲೆ ಕೂತು, ತುಟಿಯ ಮೇಲೆ ಬೆರಳಿಂದ ಮೆಲ್ಲಗೆ ಬಡಿದುಕೊಳ್ಳುತ್ತಿದ್ದರು. ದತ್ತೂರಿ ಕೊಟ್ಟದ್ದಕ್ಕೆ ಅಲ್ಲ. ಹೆಸರು ತೆಗೆದದ್ದಕ್ಕೆ. ನಾನು ಆ ಕೈಯನ್ನು ಹಿಡಿದುಕೊಂಡೆ. ಬೆರಳ ಸಂದಿಯಲ್ಲಿ ಹಾಲು ಒಣಗಿ ಕಂದಾಗಿತ್ತು.

"ಸಂಜಿ ಆಗೂದು ನೋಡ್ತೀನಿ," ಎಂದರು. "ಸಂಜಿ ದಾಟಿದ್ರ..."

ಬಾಗಿಲ ಸಂದಿಯಿಂದ ನಾವು ನೋಡುತ್ತಿದ್ದದ್ದು ತಂಗಿಯ ಮುಖವನ್ನಲ್ಲ, ಹಾಸಿಗೆಯ ಪಕ್ಕ ತೂಗುಹಾಕಿದ್ದ ಉಚ್ಚೆಯ ಚೀಲವನ್ನು. ಅದು ತುಂಬಬೇಕು ಎಂದಿದ್ದರು. ಬಹಳ ಹೊತ್ತು ತುಂಬಲಿಲ್ಲ. ಆಮೇಲೆ ಸ್ವಲ್ಪ. ಕಿಟಕಿಯ ಬೆಳಕು ಕೆಂಪಾಗುವಾಗ ಅತ್ತೆ ಎದ್ದು ಗೋಡೆಗೆ ಒರಗಿ ನಿಂತರು, ಕೂತರೆ ಏನೋ ಆದೀತು ಎಂಬಂತೆ. ಕಾರಿಡಾರಿನ ದೀಪ ಹತ್ತಿತು. ನರ್ಸು ಹೊರಗೆ ಬಂದು, ಚೀಲ ಬದಲಿಸಬೇಕು, ತುಂಬಿದೆ ಎಂದು ತನ್ನ ಪಾಡಿಗೆ ಹೇಳಿ ಹೋದಳು. ಅತ್ತೆ ನನ್ನ ಭುಜವನ್ನು ಉಗುರು ಇಳಿಯುವಷ್ಟು ಗಟ್ಟಿಯಾಗಿ ಹಿಡಿದರು.

ಮುಂದಿನ ದಿನಗಳಲ್ಲಿ ಪಾದದ ಬಾವು ಇಳಿಯಿತು. ಮಲಗಿದರೂ ಉಸಿರು ಸಾಲತೊಡಗಿತು. ದತ್ತೂರಿಯಿಂದಲೇ ಆಯಿತೇ ಎಂದು ಡಾಕ್ಟರನ್ನು ಕೇಳಿದೆ. "ಹಂಗಂತ ನಾ ಹೇಳಲ್ಲ," ಎಂದರು. "ಕಾಮಣಿನೂ ಕಾಲು ಬಾಯಸತದ. ಎರಡೂ ಕೂಡಿರಬಹುದು. ಗೊತ್ತಾಗಿದ್ದಕ್ಕ ನೀರು ಎಷ್ಟು ಬಿಡಬೇಕಂತ ತಿಳೀತು, ಅಷ್ಟ." ಅಷ್ಟೇ ಸಾಕಾಗಿತ್ತೋ ಇಲ್ಲವೋ, ಇದನ್ನೂ ನಾನು ಒಂದು ತೀರ್ಮಾನಕ್ಕೆ ತರಲಾರೆ.

ವಿಚಿತ್ರವೆಂದರೆ ಈಗ ದೇವದುರ್ಗದ ಆ ಬೆಳಗು ನನಗೆ ಸ್ಪಷ್ಟವಾಗಿ ನೆನಪಿದೆ. ಅತ್ತೆ ಮೊದಲು ತಂಗಡಿ ಚಿವುಟುತ್ತಾರೆ, ಆಮೇಲೆ ಬಗ್ಗುತ್ತಾರೆ, ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತಾರೆ, ಮುಳ್ಳು ಚೀಲದ ಬಟ್ಟೆಗೆ ಸಿಕ್ಕಿ ಜಗ್ಗುತ್ತದೆ. ಆ ಜಗ್ಗುವಿಕೆ ನನ್ನ ಮಣಿಕಟ್ಟಿನಲ್ಲಿ ಇವತ್ತೂ ಇದೆ. ಡಾಕ್ಟರು ಕೇಳಿದಾಗ ಅದು ಇರಲಿಲ್ಲ. ಉತ್ತರ ಗೊತ್ತಾದ ಮೇಲೆ ನೆನಪು ಹಿಂದಕ್ಕೆ ಹೋಗಿ ಮುಳ್ಳು ನೆಟ್ಟು ಬಂದಿದೆ. ಯಾರಾದರೂ ನನ್ನನ್ನು ಸಾಕ್ಷಿ ಕರೆದರೆ ಮುಳ್ಳಿತ್ತು ಎಂದು ಆಣೆ ಮಾಡಿ ಹೇಳುತ್ತೇನೆ. ಆ ಆಣೆಯನ್ನು ನೀವು ನಂಬಕೂಡದು.

ತಂಗಿಗೆ ಪೂರ್ತಿ ಎಚ್ಚರ ಬಂದ ಬೆಳಿಗ್ಗೆ ಅತ್ತೆ ಒಳಗೆ ಹೋಗಲು ಒಪ್ಪಲಿಲ್ಲ. "ಆಕಿ ಕಣ್ಣು ಇನ್ನಾ ಹಳದಿ ಅದ," ಎಂದರು. "ನಾ ಎದುರಿಗಿ ಹೋಗಬಾರದು." ಗಂಜಿಯ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಬಾಗಿಲ ಆಚೆ ನಿಂತರು. ಒಳಗಿಂದ ತಂಗಿ ಕರೆದಳು.

"ಅತ್ತೀ, ಅಲ್ಯಾಕ ಕಳ್ಳರಂಗ ನಿಂತಿಬೇ? ಒಳಗ ಬಾ."

ಎರಡು ಸಲ ಕರೆದ ಮೇಲೆ ಹೋದರು. ಡಬ್ಬಿಯನ್ನು ನನ್ನಿಂದ ಕಸಿದುಕೊಂಡು ಸ್ಟೂಲಿನ ಮೇಲೆ ಕೂತರು. ತಂಗಿ ಅವರನ್ನೇ ನೋಡುತ್ತಿದ್ದಳು. ಧ್ವನಿ ಸಣ್ಣದಾಗಿತ್ತು, ಕುಚೇಷ್ಟೆ ಮಾತ್ರ ಕಡಿಮೆಯಾಗಿರಲಿಲ್ಲ.

"ಅದ್ಯಾನ್ ಹಾಕಿದ್ದಿಬೇ ಆ ಮಜ್ಜಿಗ್ಯಾಗ? ನಾಲಗಿ ಸೇದಿಹೋಗೂವಷ್ಟು ಕಹಿ ಇತ್ತು. ಎದರದು ಅದು?"

ವಾರ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಪಕ್ಕದ ಹಾಸಿಗೆಯ ಹೆಂಗಸು ಬಾಯಿ ತೆರೆದಳು. ನಾನು ಅವಳ ಕಡೆ ನೋಡಿ ಬೇಡ ಎಂದು ತಲೆಯಲ್ಲಾಡಿಸಿದೆ. ಅವಳು ಬಾಯಿ ಮುಚ್ಚಿಕೊಂಡಳು.

"ಹೇಳಬೇ. ಬಾಯಾಗೇನು ಬೆಲ್ಲ ಇಟಗೊಂಡಿ?"

ಅತ್ತೆ ಚಮಚೆಯಿಂದ ಗಂಜಿಯನ್ನು ತಿರುವಿದರು, ಊದಿದರು, ಅವಳ ತುಟಿಯ ಹತ್ತಿರ ಹಿಡಿದರು.

"ಆರಾಕತ್ತದ. ಕುಡಿ."